ಮಡ್‌ಗಾರ್ಡ್ ಕತ್ತರಿಸುವ ಮೊದಲು

ಬೈಕ್ ಓಡಿಸುವವನಿಗೆ ತನ್ನ ಬೈಕಿನ ಹಿಂಭಾಗ ಕಾಣುವುದಿಲ್ಲ. ಆದರೂ ಅದನ್ನು ಚಂದ ಮಾಡಿಸಿಕೊಳ್ಳಲು ಜನ ಜೋಗುಪಾಳ್ಯದ ನನ್ನ ಅಂಗಡಿಯ ಮುಂದೆ ಅರ್ಧ ದಿನ ಕಾಯುತ್ತಿದ್ದರು. ಉದ್ದನೆಯ ಮಡ್‌ಗಾರ್ಡ್ ತೆಗೆದು ಗಿಡ್ಡದ್ದು ಕೂರಿಸುವುದು, ದಪ್ಪ ಲ್ಯಾಂಪಿನ ಜಾಗಕ್ಕೆ ಸಣ್ಣದು ಹಾಕುವುದು, ನಂಬರ್ ಪ್ಲೇಟಿಗೆ ಹೊಸ ಪಟ್ಟಿ ಮಾಡಿಕೊಡುವುದು, ಜೋತಾಡುವ ವೈರುಗಳನ್ನೆಲ್ಲ ಒಳಗೆ ಅಡಗಿಸುವುದು, ಇಷ್ಟೇ ನನ್ನ ಕೆಲಸ. ಹೊಟ್ಟೆಪಾಡಿಗೆ ಸರ್ವಿಸೂ ಮಾಡಿದ್ದೇನೆ, ಪಂಕ್ಚರೂ ಹಾಕಿದ್ದೇನೆ. ಆದರೆ ಹಲಸೂರಿನಿಂದ ಇಂದಿರಾನಗರದವರೆಗೆ ಜನ ನನ್ನನ್ನು ಗುರುತಿಸಿದ್ದು ‘ಬ್ಯಾಕ್‌ಸೈಡ್ ನಂಜುಂಡಣ್ಣ’ ಎಂದೇ. ನನ್ನ ಹೆಂಡತಿಗೆ ಈ ಹೆಸರು ಇಂದಿಗೂ ಸೇರುವುದಿಲ್ಲ.

ಈಗ ಅಂಗಡಿಯನ್ನು ನನ್ನ ತಂಗಿಯ ಮಗ ನೋಡಿಕೊಳ್ಳುತ್ತಾನೆ. ಮೊದಮೊದಲು ದಿನಕ್ಕೊಂದು ಸಲ ಫೋನ್ ಮಾಡಿ ಏನಾದರೂ ಕೇಳುತ್ತಿದ್ದ. ಒಂದು ದಿನ ಬೇಸತ್ತು, “ಮಾವಾ, ನಿಮಗೆ ಗೊತ್ತಿರೋದನ್ನೆಲ್ಲ ಒಂದ್ಸಲ ಬರ್ದಿಟ್ಬಿಡಿ. ವಿಡಿಯೋದಲ್ಲಿ ಹೇಳಿಕೊಡೋರು ಬೋಲ್ಟ್ ಎಲ್ಲಿ ಬಿಚ್ಚಬೇಕು ಅಂತ ಹೇಳ್ತಾರೆ, ಗಿರಾಕಿ ಹತ್ರ ಏನು ಕೇಳಬೇಕು ಅಂತ ಹೇಳಲ್ಲ” ಅಂದ. ಅವನಿಗೂ, ಅವನಂತೆ ಈ ಕೆಲಸಕ್ಕೆ ಕೈಹಾಕುವ ಉಳಿದ ಹುಡುಗರಿಗೂ ಇದು.

ನನಗೆ ಕೆಲಸ ಕಲಿಸಿದವರು ಹಲಸೂರಿನ ಮಣಿ ಮೇಸ್ತ್ರಿ. ಸೈನ್ಯದ ವರ್ಕ್‌ಶಾಪಿನಲ್ಲಿ ದುಡಿದು ಬಂದ ತಮಿಳರು. ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿಕೊಂಡೇ ಗ್ರೀಸಿನಲ್ಲಿ ಕೈಯಿಡುತ್ತಿದ್ದರು. ಸಂಜೆ ಹೊತ್ತಿಗೂ ಆ ಅಂಗಿಯ ಮೇಲೆ ಒಂದು ಕಲೆ ಇರುತ್ತಿರಲಿಲ್ಲ. ಅವರು ಕಲಿಸಿದ ಮೊದಲ ಪಾಠವನ್ನೇ ನಾನೂ ಮೊದಲು ಹೇಳುತ್ತೇನೆ. ಗಾಡಿಯ ಜೊತೆ ಬಂದ ಮಡ್‌ಗಾರ್ಡಿಗೆ ಗರಗಸ ಹಚ್ಚಬೇಡಿ. ಶಿವಾಜಿನಗರಕ್ಕೆ ಹೋಗಿ, ಗುಜರಿ ಸಾಲಿನಲ್ಲಿ ಅದೇ ಅಳತೆಯ ಹಳೆಯದೊಂದನ್ನು ಹುಡುಕಿ ತಂದು ಅದನ್ನು ಕತ್ತರಿಸಿ. ಒರಿಜಿನಲ್ಲನ್ನು ಪೇಪರಿನಲ್ಲಿ ಸುತ್ತಿ ಗಿರಾಕಿಯ ಕೈಗೆ ಕೊಡಿ.

“ಯಾಕೆ ಮೇಸ್ತ್ರಿ, ಅವರೇ ಕತ್ತರಿಸು ಅಂತಿದ್ದಾರಲ್ಲ?” ಎಂದು ನಾನು ಕೇಳಿದ್ದೆ.

“ಇವತ್ತು ಅಂತಾನೆ. ನಾಳೆ ಅಮ್ಮ ಬೈತಾಳೆ, ಮದುವೆ ಆದ್ರೆ ಹೆಂಡ್ತಿ ಸೀರೆಗೆ ಕೆಸರು ಹಾರತ್ತೆ ಅಂತಾಳೆ, ಗಾಡಿ ಮಾರೋ ದಿನ ಬರತ್ತೆ. ಕತ್ತರಿಸಿದ್ಮೇಲೆ ಮತ್ತೆ ಬೆಳೆಯೋಕೆ ಅದೇನು ಕೂದ್ಲಾ ಡಾ?”

ಅವರ ಎರಡನೆಯ ಪಾಠ ಅಳತೆಯದ್ದು. ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಗಾಡಿಯಲ್ಲಿ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಧಾರಾಳ ಜಾಗ ಕಾಣುತ್ತದೆ. ಇಬ್ಬರು ಕೂತು ಒಂದು ಹಂಪ್ ಹಾರಿಸಿದರೆ ಆ ಜಾಗ ಮಾಯ. ಹಾಗಾಗಿ ಕೊನೆಯ ಬೋಲ್ಟ್ ಬಿಗಿಯುವ ಮುನ್ನ ಮೇಸ್ತ್ರಿ ಪಕ್ಕದ ಇಡ್ಲಿ ಹೋಟೆಲಿನ ಯಜಮಾನರನ್ನೂ ಅವರ ತಮ್ಮನನ್ನೂ ಕೂಗಿ ಕರೆಯುತ್ತಿದ್ದರು. ಇಬ್ಬರೂ ಒಳ್ಳೇ ಮೈಕೈ ತುಂಬಿಕೊಂಡವರು. ಅವರು ಸೀಟಿನ ಮೇಲೆ ಕೂತು ಮೇಲೆ ಕೆಳಗೆ ಕುಣಿಯುವಾಗ ನಾನು ನೆಲದ ಮೇಲೆ ಮಲಗಿ ಟೈರ್ ಎಲ್ಲಿ ಮುಟ್ಟುತ್ತದೆ ಎಂದು ನೋಡಬೇಕು. ಹಲಸೂರಿನ ಗಾಡಿಗಳ ಹಿಂಭಾಗ ಗಟ್ಟಿಯಾಗಿ ಉಳಿದದ್ದರಲ್ಲಿ ಆ ಅಣ್ಣತಮ್ಮಂದಿರ ಪಾಲೂ ಇದೆ.

ನನ್ನ ಕೈಯಿಂದ ಆದ ಎಡವಟ್ಟುಗಳಲ್ಲಿ ಆಂಥೋನಿಯವರದ್ದನ್ನು ಹೇಳಲೇಬೇಕು. ಅವರು ಶಿವಾಜಿನಗರದ ಒಂದು ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ಅವರ ಗಾಡಿಗೆ ಗಿಡ್ಡ ಮಡ್‌ಗಾರ್ಡ್ ಮಾಡಿ, ಒಳಗೂ ಹೊರಗೂ ಕನ್ನಡಿಯಂಥ ಕಪ್ಪು ಬಣ್ಣ ಹೊಡೆದು, ಹೊಸ ಲ್ಯಾಂಪು, ಹೊಸ ಇಂಡಿಕೇಟರುಗಳನ್ನು ಕೂರಿಸಿ ಕಳಿಸಿದ್ದೆ. ಮರುದಿನ ಬೆಳಿಗ್ಗೆ ಸಮವಸ್ತ್ರದಲ್ಲೇ ಬಂದರು. ಅದರ ಹೆಗಲ ಮೇಲಿನ ಚಿನ್ನದ ಬಣ್ಣದ ಕುಚ್ಚು ಕೋಪಕ್ಕೆ ಅಲುಗುತ್ತಿತ್ತು.

“ನೋಡಪ್ಪಾ ನಂಜುಂಡ, ಬ್ರೇಕ್ ಹಿಡಿದ್ರೆ ಎರಡು ಕಡೆ ಇಂಡಿಕೇಟರೂ ಮಿಣಿಮಿಣಿ ಅಂತಿದೆ. ಇಂಡಿಕೇಟರ್ ಹಾಕಿದ್ರೆ ಬ್ರೇಕ್ ಲೈಟು ತಾಳ ಹಾಕ್ತಿದೆ. ನನ್ನ ಗಾಡಿನೂ ಬ್ಯಾಂಡ್ ಸೇರ್ಕೊಂಡ್ಬಿಟ್ಟಿದ್ಯಾ?”

ನಾನು ವೈರುಗಳನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಿದೆ. ಬ್ಯಾಂಡ್ ನಿಲ್ಲಲಿಲ್ಲ. ಮೇಸ್ತ್ರಿ ಬಂದು, ಒಂದು ಬೋಲ್ಟ್ ಬಿಚ್ಚಿ, ಅದರಡಿಯ ಬಣ್ಣವನ್ನು ಸ್ಕ್ರೂಡ್ರೈವರ್ ತುದಿಯಿಂದ ಕಾಸಿನಗಲ ಕೆರೆದು, ಮತ್ತೆ ಬಿಗಿದರು. ಎಲ್ಲ ಲೈಟುಗಳೂ ಒಳ್ಳೆಯ ಮಕ್ಕಳ ಹಾಗೆ ತಂತಮ್ಮ ಕೆಲಸಕ್ಕೆ ಮರಳಿದವು. “ಬಣ್ಣದ ಮೇಲೆ ಕರೆಂಟ್ ಓಡಲ್ಲ ತಂಬಿ. ಅದಕ್ಕೆ ವಾಪಸ್ ಹೋಗೋಕೆ ಬರೀ ಕಬ್ಬಿಣ ಬೇಕು” ಅಂದರು. ಲೈಟಿನ ದೂರು ಬಂದರೆ ಇಂದಿಗೂ ನಾನು ಮೊದಲು ನೋಡುವುದು ಕರೆಂಟ್ ವಾಪಸ್ ಹೋಗುವ ಈ ದಾರಿಯನ್ನು, ಅಂದರೆ ಅರ್ತಿಂಗನ್ನೇ. ಆಂಥೋನಿಯವರು ಆಮೇಲೆ ನನ್ನ ಮದುವೆಗೆ ಬಂದು, ಯಾರೂ ಕೇಳದೆಯೇ ಕ್ಲಾರಿನೆಟ್ ನುಡಿಸಿಹೋದರು.

ಆ ಕಾಲದಲ್ಲಿ ನಂಬರ್ ಪ್ಲೇಟನ್ನು ಕೈಯಲ್ಲೇ ಬರೆಯುತ್ತಿದ್ದೆವು. ಮೇಸ್ತ್ರಿಯ ಕುಂಚದಿಂದ ಬಂದ ‘ಕ’ ಅಕ್ಷರದ ದುಂಡು ನೋಡಲೆಂದೇ ಕೆಲವರು ಗಾಡಿ ತರುತ್ತಿದ್ದರು. ಕೆಳಗೆ ‘ಅಮ್ಮನ ಆಶೀರ್ವಾದ’ ಎಂದೋ, ಮನೆದೇವರ ಹೆಸರೋ ಇರಲೇಬೇಕು. ಒಬ್ಬರಂತೂ ಮನೆದೇವರು, ಗುರುಗಳು, ಇಬ್ಬರು ಮಕ್ಕಳು ಎಲ್ಲರ ಹೆಸರನ್ನೂ ಬರೆಸಿ, ನಂಬರಿಗೆ ಜಾಗವಿಲ್ಲದೆ ಪ್ಲೇಟನ್ನೇ ಅಗಲ ಮಾಡಿಸಿದರು. ಬಳಿಕ ಸ್ಟಿಕ್ಕರ್ ಬಂತು, ಕುಂಚಗಳು ಡಬ್ಬಿ ಸೇರಿದವು. ಬಲ್ಬು ಹೋಗಿ ಎಲ್‌ಇಡಿ ಬಂತು. ಅದನ್ನು ಹಾಕಿದಾಗ ಇಂಡಿಕೇಟರ್ ಹುಚ್ಚು ಹಿಡಿದಂತೆ ಬಡಬಡನೆ ಮಿನುಗಿದರೆ ಹೆದರಬೇಡಿ, ಅದನ್ನು ಮಿನುಗಿಸುವ ಫ್ಲಾಶರ್ ಬದಲಿಸಿದರೆ ಸರಿಹೋಗುತ್ತದೆ. ಈಗ ಎಲ್ಲರಿಗೂ ಒಂದೇ ತರಹದ ಹೈ ಸೆಕ್ಯುರಿಟಿ ಪ್ಲೇಟು. ಅದನ್ನು ಕೊರೆಯುವಂತಿಲ್ಲ, ಬಗ್ಗಿಸುವಂತಿಲ್ಲ, ಅದರ ಮೇಲೆ ಬರೆಯುವಂತಿಲ್ಲ. ನಮ್ಮ ಕೈಚಳಕವೆಲ್ಲ ಅದು ಕೂರುವ ಪಟ್ಟಿಯಲ್ಲಿ, ಅದರ ಮೇಲೆ ಬೀಳುವ ಬೆಳಕಿನಲ್ಲಿ. “ಗುರು, ಕ್ಯಾಮೆರಾಗೆ ಸಿಗ್ಬಾರ್ದು, ಸ್ವಲ್ಪ ಒಳಗೆ ಮಡಚಿ ಕೊಡು” ಅನ್ನುವವರು ಬಂದೇ ಬರುತ್ತಾರೆ. ಟೀ ಕುಡಿಸಿ ಕಳಿಸಿಬಿಡಿ.

ಈಗ ನನ್ನ ಮನಸ್ಸಿನಲ್ಲಿ ಬಹಳ ಕಾಲ ಉಳಿದಿರುವ ಗಾಡಿಯ ವಿಷಯ ಹೇಳುತ್ತೇನೆ. ನಾನು ಕೆಲಸ ಬಿಡುವುದಕ್ಕೆ ಸ್ವಲ್ಪ ಮೊದಲಿನದು.

ಅಕ್ಷತಾ ಎಂಬ ಹೆಣ್ಣುಮಗಳು ಫಿಸಿಯೋಥೆರಪಿಸ್ಟ್. ಮನೆಮನೆಗೆ ಹೋಗಿ, ಬಿದ್ದು ಕಾಲು ಮುರಿದುಕೊಂಡವರಿಗೆ, ಲಕ್ವ ಹೊಡೆದವರಿಗೆ ವ್ಯಾಯಾಮ ಮಾಡಿಸುತ್ತಾಳೆ. ಕಲ್ಯಾಣ ನಗರದಲ್ಲಿ ಅಪ್ಪ ಅಮ್ಮನ ಜೊತೆ ಮನೆ. ರೋಗಿಗಳು ಮಹದೇವಪುರದಿಂದ ಜೋಗುಪಾಳ್ಯದವರೆಗೆ. ಹಾಗಾಗಿ ಒಂದು ಬೈಕ್ ತೆಗೆದುಕೊಂಡಿದ್ದಳು. ಸ್ಕೂಟರಲ್ಲ, ಬೈಕು. ಮಳೆಗಾಲದಲ್ಲಿ ಮಹದೇವಪುರದ ರಸ್ತೆಯ ನೀರಿನಲ್ಲಿ ಹಾಯ್ದಾಗ ಅದರ ಉದ್ದನೆಯ ಮಡ್‌ಗಾರ್ಡಿನ ತುದಿ ಬಿರುಕು ಬಿಟ್ಟು, ನಂಬರ್ ಪ್ಲೇಟಿನ ಸಮೇತ ಜೋತುಬಿದ್ದಿತ್ತು. ನಮ್ಮ ಬೀದಿಯ ಅಜ್ಜಿಯೊಬ್ಬರಿಗೆ ವ್ಯಾಯಾಮ ಮಾಡಿಸಲು ಬಂದವಳು ಅಂಗಡಿ ನೋಡಿ ನಿಲ್ಲಿಸಿದಳು.

“ಅಂಕಲ್, ಇದನ್ನ ಬರೀ ಕಟ್ಟಿ ಕೊಡೋದು ಬೇಡ. ಪೂರ್ತಿ ನೀಟಾಗಿ ಮಾಡ್ಕೊಡ್ತೀರಾ? ಸೀಟಿನ ಕೆಳಗೆ ಒಂದೇ ಒಂದು ಕೆಂಪು ಗೆರೆ ತರ ಲೈಟ್ ಬರ್ಬೇಕು” ಎಂದು ಫೋನಿನಲ್ಲಿ ಚಿತ್ರ ತೋರಿಸಿದಳು. ಆಮೇಲೆ ನಾನು ಕುಕ್ಕರುಗಾಲಿನಲ್ಲಿ ಕೂತದ್ದನ್ನು ನೋಡಿ, “ಹೀಗೆ ಎಷ್ಟು ವರ್ಷದಿಂದ ಕೂರ್ತಿದೀರಾ? ಗಾಡೀನ ಮೇಲಕ್ಕೆತ್ತಿ, ನೀವು ಸ್ಟೂಲ್ ಮೇಲೆ ಕೂತ್ಕೊಳ್ಳಿ. ಮಂಡಿ ಹೋಗಿದೆ ನಿಮ್ದು” ಎಂದು ಗದರಿದಳು. ಮಂಡಿ ನಿಜವಾಗಿಯೂ ಹೋಗಿತ್ತು. ಹುಡುಗರೇ, ಅವಳ ಮಾತನ್ನು ನೀವು ಈಗಲೇ ಕೇಳಿ.

ಹೊಸ ಮಡ್‌ಗಾರ್ಡ್ ಮಾಡಿ, ಅವಳು ತೋರಿಸಿದ ಹಾಗೆಯೇ ಸೀಟಿನಡಿಗೆ ತೆಳ್ಳನೆಯ ಲೈಟು ಸೇರಿಸಿದೆ. ಬಹಳ ಚಂದ ಬಂತು. ತೆಗೆದುಕೊಂಡು ಹೋಗಲು ಅವಳು ಬಂದ ದಿನ ಸಂಜೆ ಹಿಂದೆಯೇ ಒಂದು ಆಟೋ ನಿಂತಿತು. ಬಿಳಿ ಅಂಗಿಯ, ನೆಟ್ಟಗೆ ನಿಲ್ಲುವ ಹಿರಿಯರೊಬ್ಬರು ಇಳಿದರು. ಅವಳ ಅಪ್ಪ ವೀರಭದ್ರಪ್ಪನವರು. ರಾಣೆಬೆನ್ನೂರು ಕಡೆಯವರು, ಸರ್ಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತರಾದವರು. ಮಗಳು ಬೈಕ್ ತೆಗೆದುಕೊಂಡ ದಿನದಿಂದ ಅದರ ವಿಷಯದಲ್ಲಿ ಅಪ್ಪ ಮಗಳ ನಡುವೆ ಮಾತಿಲ್ಲ ಎಂದು ಆಮೇಲೆ ತಿಳಿಯಿತು. ಉಳಿದದ್ದೆಲ್ಲ ಮಾತಾಡುತ್ತಿದ್ದರು, ಬೈಕಿನ ಸುದ್ದಿ ಬಂದರೆ ಅವರು ಎದ್ದು ಒಳಗೆ ಹೋಗುತ್ತಿದ್ದರಂತೆ. ಅವಳು ಮನೆ ತಲುಪುವವರೆಗೂ ಗೇಟಿನ ಹತ್ತಿರ ನಿಂತಿರುತ್ತಿದ್ದರಂತೆ. ಆ ಸಂಜೆ ಹಾಗೆ ನಿಲ್ಲಲಾರದೆ ಅವಳ ಹಿಂದೆಯೇ ಆಟೋ ಹತ್ತಿದ್ದರು.

ಅವರು ಗಾಡಿಯ ಹಿಂದೆ ಕೈಕಟ್ಟಿ ನಿಂತು ನೋಡಿದರು. “ಮಿಸ್ತ್ರಿಯವರ, ಲೈಟು ಎಲ್ಲೈತ್ರೀ?”

ನಾನು ಸ್ವಿಚ್ ಹಾಕಿದೆ. ಸೀಟಿನಡಿ ಕೆಂಪು ಗೆರೆ ಮೂಡಿತು.

“ಚೆಂದ ಐತಿ. ಆದ್ರ ಇದು ನಿಂತು ನೋಡೋರಿಗೆ. ಬಸ್ನ್ಯಾಗ ಕುಂತೋನಿಗೆ ಇದು ಕಾಣಂಗಿಲ್ಲ.”

“ಅಪ್ಪಾ, ಶುರು ಮಾಡಬ್ಯಾಡ” ಎಂದಳು ಅಕ್ಷತಾ. ನನ್ನೊಡನೆ ಬೆಂಗಳೂರಿನ ಕನ್ನಡ ಆಡುತ್ತಿದ್ದವಳು ಅಪ್ಪನ ಎದುರು ಊರಿನ ಮಾತಿಗೆ ಇಳಿದಿದ್ದಳು. “ನಿನಗ ಬೈಕೇ ಬ್ಯಾಡಾಗೈತಿ. ಅದಕ ಲೈಟಿನ ನೆವ.”

ಇಂಥ ಹೊತ್ತಿನಲ್ಲಿ ನಡುವೆ ಬಾಯಿ ಹಾಕಬಾರದು ಎಂದು ಗೊತ್ತಿದ್ದರೂ, ನನ್ನ ಕೆಲಸದ ಮೇಲೆ ಬಂದ ಮಾತಾದ್ದರಿಂದ ಕೇಳಿಸಿಕೊಂಡು ಕೂರಲಾಗಲಿಲ್ಲ. ಎದುರಿನ ಕಟ್ಟಡಕ್ಕೆ ನೀರು ಬಿಡಲು ಒಂದು ಟ್ಯಾಂಕರ್ ಲಾರಿ ಬಂದು ನಿಂತಿತ್ತು. ಅದರ ಡ್ರೈವರನ್ನು ಕೇಳಿದೆ. ಅವನು ನಗುತ್ತ ಬಾಗಿಲು ತೆರೆದ. ವೀರಭದ್ರಪ್ಪನವರು ಒಂದೇ ಏಟಿಗೆ ಮೇಲೆ ಹತ್ತಿ ಸ್ಟೀರಿಂಗ್ ಹಿಂದೆ ಕೂತರು. ಎಷ್ಟೋ ದಿನಗಳ ಮೇಲೆ ಆ ಎತ್ತರದಲ್ಲಿ ಕೂತ ಅವರ ಮುಖದ ಬಿಗಿ ತುಸು ಸಡಿಲವಾದದ್ದು ನನಗೆ ಕೆಳಗಿನಿಂದಲೇ ಕಂಡಿತು. ನಾನು ಬೈಕನ್ನು ಲಾರಿಯ ಮುಂದೆ, ಸಿಗ್ನಲ್ಲಿನಲ್ಲಿ ನಿಲ್ಲುವಷ್ಟು ಹತ್ತಿರದಲ್ಲಿ ನಿಲ್ಲಿಸಿ ಬ್ರೇಕ್ ಒತ್ತಿ ಹಿಡಿದೆ.

“ಸೀಟು ಕಾಣ್ತತಿ,” ಮೇಲಿನಿಂದ ದನಿ ಬಂತು. “ಲೈಟು ಕಾಣವಲ್ದು.”

ಅವರು ಇಳಿದ ಮೇಲೆ ನಾನು ಹತ್ತಿ ನೋಡಿದೆ. ಅಕ್ಷತಾ ಬ್ರೇಕ್ ಒತ್ತಿ ಹಿಡಿದಿದ್ದಳು. ನಿಜ. ಸೀಟಿನ ಅಂಚು ಟೋಪಿಯ ಹಾಗೆ ಲೈಟನ್ನು ಮುಚ್ಚಿಬಿಟ್ಟಿತ್ತು. ನಾನು ಜೀವಮಾನವಿಡೀ ಟೇಲ್ ಲ್ಯಾಂಪುಗಳನ್ನು ನೋಡಿದ್ದು ನೆಲದ ಮೇಲೆ ಕೂತು, ಇಲ್ಲವೇ ನಿಂತು. ಅಷ್ಟು ಎತ್ತರದಿಂದ ನೋಡಬೇಕೆಂದು ಮಣಿ ಮೇಸ್ತ್ರಿಗೂ ಹೊಳೆದಿರಲಿಲ್ಲ. ಕೊನೆಗೆ ಅಕ್ಷತಾಳೂ ಹತ್ತಿ ನೋಡಿ ಇಳಿದಳು.

“ಕಂಪನಿಯವರು ಕೊಟ್ಟಿದ್ದನ್ನ ಹಂಗ ವಾಪಸ್ ಹಾಕ್ರಿ” ಎಂದರು ವೀರಭದ್ರಪ್ಪ.

“ಅದು ಆಗಂಗಿಲ್ಲಪ್ಪಾ. ಆ ಲೈಟು ಕುಣಿಗೆ ಬಿದ್ದಾಗೊಮ್ಮೆ ಆರ್ತಿತ್ತು. ನಾನು ಎಷ್ಟು ಸಲ ಕೈಲೆ ಬಡದು ಹತ್ತಿಸೇನಿ ಗೊತ್ತೈತೇನು?”

ಅವಳ ಮಾತೂ ನಿಜವೇ. ಪೇಪರಿನಲ್ಲಿ ಸುತ್ತಿಟ್ಟಿದ್ದ ಹಳೆಯ ಮಡ್‌ಗಾರ್ಡನ್ನು ತಂದು ಅದರ ಒಳಮೈ ತೋರಿಸಿದೆ. ಉದ್ದ ಹೆಚ್ಚಾದ್ದರಿಂದ ಅಲುಗಾಡಿ ಅಲುಗಾಡಿ ಅದರ ಅಂಚು ವೈರಿನ ಸಿಪ್ಪೆಯನ್ನು ತಿಂದುಹಾಕಿತ್ತು. ತಾಮ್ರದ ಎಳೆಗಳು ಹೊರಬಂದಿದ್ದವು. ವೀರಭದ್ರಪ್ಪನವರು ಅದನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಮುಟ್ಟಿ, ಬಹಳ ಹೊತ್ತು ನೋಡಿದರು.

“ಇಷ್ಟು ದಿನ ಇದರ ಮ್ಯಾಲೆ ಅಡ್ಯಾಡಿದ್ಯಾ?” ಎಂದು ಮಗಳನ್ನು ಕೇಳಿದರು. ಬೈಕಿನ ಬಗ್ಗೆ ಅವರು ಅವಳನ್ನು ಕೇಳಿದ ಮೊದಲ ಪ್ರಶ್ನೆ ಅದೇ ಇರಬೇಕು.

ಟೀ ತರಿಸಿದೆ. ಕುಡಿಯುತ್ತ ಅವರು ನನ್ನ ಕಡೆ ತಿರುಗಿ ಹೇಳಿದರು. “ಒಂದ್ ಸಲ ಹಿರಿಯೂರು ಹತ್ರ ಬೆಳಗಿನ ಮಂಜ್ರೀ. ಬಸ್ ತುಂಬ ಮಂದಿ ಮಲ್ಕೊಂಡಾರ. ಮುಂದ ಏನೂ ಇಲ್ಲ, ಬರೇ ಬೆಳ್ಳಗ. ಅದರಾಗ ಒಂದು ಕೆಂಪ್ ಚುಕ್ಕಿ ಕಂಡ್ತು. ಕುಂಕುಮದಷ್ಟು. ಏನಂತ ಗೊತ್ತಾಗೂದ್ರಾಗ ಬ್ರೇಕ್ ತುಳದಿದ್ದೆ. ಒಂದು ಬೈಕ್ ಮ್ಯಾಲೆ ಗಂಡ, ಹೆಂಡ್ತಿ, ನಡುವ ಒಂದ್ ಕೂಸು. ಅವ್ರು ಹೊಳ್ಳಿ ಸುದ್ದಾ ನೋಡ್ಲಿಲ್ಲ, ಹಂಗ ಹೋದ್ರು. ಆ ಚುಕ್ಕಿ ಇಲ್ಲಾಗಿದ್ರ ನಾ ಇವತ್ತು ಹೆಂಗ ಇರ್ತಿದ್ನೋ ಯಾರಿಗ್ಗೊತ್ತು.”

ಅಕ್ಷತಾ ಲೋಟ ಕೆಳಗಿಟ್ಟಳು. “ಇದನ್ನ ಯಾವತ್ತೂ ಹೇಳೇ ಇಲ್ಲಲ್ಲ.”

“ಏನೂ ಆಗ್ಲಿಲ್ಲಲ್ಲವಾ. ಏನ್ ಹೇಳೂದು.”

ಆಮೇಲಿನ ದಿನಗಳಲ್ಲಿ ಮೂವರೂ ಸೇರಿ ಆ ಹಿಂಭಾಗವನ್ನು ಹೊಸದಾಗಿ ಮಾಡಿದೆವು. ಮಡ್‌ಗಾರ್ಡ್ ಗಿಡ್ಡದ್ದೇ ಉಳಿಯಿತು. ಅದು ಅವಳ ಹಟ, ನನ್ನದೂ. ಲೈಟನ್ನು ಸೀಟಿನಡಿಯಿಂದ ಹೊರಗೆ ತಂದೆವು. ತುದಿಯಲ್ಲಿ ಎರಡು ಸಣ್ಣ ದುಂಡು ಲ್ಯಾಂಪುಗಳು ಯಾವಾಗಲೂ ಉರಿಯಲು. ಅವುಗಳ ನಡುವೆ, ತುಸು ಮೇಲೆ, ಬ್ರೇಕಿಗೆಂದೇ ಒಂದು. ಎಲ್‌ಇಡಿಯಲ್ಲಿ ಒಂದೇ ಲ್ಯಾಂಪ್ ಎರಡೂ ಕೆಲಸ ಮಾಡಿದರೆ ಬ್ರೇಕ್ ಹಿಡಿದದ್ದು ಹಿಂದಿನವನಿಗೆ ತಟ್ಟನೆ ತಿಳಿಯದು ಎಂಬುದು ವೀರಭದ್ರಪ್ಪನವರ ಮಾತು. ಮೂರನೆಯದನ್ನು ಎಲ್ಲಿ ಕೂರಿಸಬೇಕೆಂದು ಗುರುತು ಹಾಕಿದವಳು ಅಕ್ಷತಾ. “ಬೆನ್ನುಮೂಳೆ ಮುಗಿಯೋ ಜಾಗ ಅಂಕಲ್ ಇದು. ಇಲ್ಲಿಂದ ಒಂದು ಗೆರೆ ಎಳೆದ್ರೆ ನೇರ ಹ್ಯಾಂಡಲ್ ಮಧ್ಯಕ್ಕೆ ಹೋಗ್ಬೇಕು” ಎಂದು ಹೇಳಿ, ಕಣ್ಣಳತೆಯಲ್ಲೇ ಚುಕ್ಕೆ ಇಟ್ಟಳು. ಪ್ಲೇಟಿಗೆ ನೆಟ್ಟಗೆ ನಿಲ್ಲುವ ಗಟ್ಟಿ ಪಟ್ಟಿ, ಅದರ ಮೇಲೊಂದು ಬಿಳಿ ಬೆಳಕು. ವೈರುಗಳು ಅಂಚಿಗೆ ತಾಗದಂತೆ ರಬ್ಬರಿನ ಉಂಗುರದೊಳಗಿಂದ ಹಾಯಿಸಿದೆ.

ಟ್ಯಾಂಕರ್ ಮತ್ತೆ ಬಂದ ಸಂಜೆ ಎಲ್ಲರೂ ಸರದಿಯಲ್ಲಿ ಹತ್ತಿ ಇಳಿದೆವು. ಲಾರಿಯ ಡ್ರೈವರ್ ಕೂಡ ನೋಡಿ, “ಸೂಪರಾಗ್ ಕಾಣ್ತಿದೆ ಸಾರ್, ನಂಗಿಂತ ಚೆನ್ನಾಗಿ ನಮ್ ಲಾರಿಗೇ ಕಾಣ್ತಿದೆ” ಅಂದ. ಅಕ್ಷತಾ ಹೆಲ್ಮೆಟ್ ಹಾಕಿಕೊಂಡು ಹಿಂದಿನ ಸೀಟು ತಟ್ಟಿ, “ಬಾರಪ್ಪಾ” ಎಂದು ಕರೆದಳು. ಅವರು ಕೈಯಾಡಿಸಿ ಆಟೋ ಹತ್ತಿದರು. ಅವಳ ಮುಖ ಚಿಕ್ಕದಾಯಿತು. ನನಗೂ ಪಿಚ್ಚೆನಿಸಿತು. ಗಾಡಿಯ ಹಿಂಭಾಗ ಸರಿಮಾಡಬಲ್ಲೆ, ಅಪ್ಪಂದಿರ ಎದೆಯೊಳಗಿನ ಹೆದರಿಕೆ ಸರಿಮಾಡುವ ಸ್ಪ್ಯಾನರ್ ನನ್ನ ಹತ್ತಿರ ಇರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ವೀರಭದ್ರಪ್ಪನವರು ಒಬ್ಬರೇ ಅಂಗಡಿಗೆ ಬಂದರು. ಕೈಯಲ್ಲಿ ಪೇಡೆಯ ಪೊಟ್ಟಣ. ಏನು ವಿಶೇಷ ಎಂದರೆ ಮೊದಲು ತಿನ್ನಿ ಅಂದರು. ತಿಂದ ಮೇಲೆ ಸ್ಟೂಲಿನ ಮೇಲೆ ಕೂತು ಹೇಳಿದರು.

ಹಿಂದಿನ ಸಂಜೆ ಅವರು ಮಹದೇವಪುರದಲ್ಲಿ ಹಳೆಯ ಗೆಳೆಯರೊಬ್ಬರನ್ನು ನೋಡಿ ಬಸ್ಸಿನಲ್ಲಿ ಮನೆಗೆ ಮರಳುತ್ತಿದ್ದರು. ಜೋರು ಮಳೆ. ಮುಂದಿನ ಗಾಜು ಕಾಣುವ ಸೀಟಿನಲ್ಲಿ ಕೂತಿದ್ದರು. ಬೇರೆ ಸೀಟಿನಲ್ಲಿ ಅವರಿಗೆ ನಿದ್ದೆಯೂ ಬಾರದು, ನೆಮ್ಮದಿಯೂ ಇರದು. ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಗಾಡಿಗಳು ಇರುವೆಯಂತೆ ತೆವಳುತ್ತಿದ್ದವು. ನೀರು ಇಳಿಯುತ್ತಿದ್ದ ಗಾಜಿನಾಚೆ ಎರಡು ಕೆಂಪು ಚುಕ್ಕೆಗಳು, ನಡುವೆ ಆಗಾಗ ಹೊತ್ತುವ ಮೂರನೆಯದು.

“ಪ್ಲೇಟ್ ಓದೋಕಿಂತ ಮೊದ್ಲ ಗೊತ್ತಾತ್ರೀ ನನಗ. ಅಕಿನ.”

ಅಲ್ಲಿಂದ ಕಲ್ಯಾಣ ನಗರದವರೆಗೂ ರಿಂಗ್ ರೋಡಿನುದ್ದಕ್ಕೆ ಬಸ್ಸು ಅವಳ ಹಿಂದೆಯೇ ಬಂತು. ಕೆಲವೊಮ್ಮೆ ಒಂದು ಕಾರು ನಡುವೆ ಬರುತ್ತಿತ್ತು, ಮತ್ತೆ ಸರಿಯುತ್ತಿತ್ತು. ಮಗಳು ಬೈಕ್ ಓಡಿಸುವುದನ್ನು ಅವರು ಅದುವರೆಗೆ ನೋಡಿರಲೇ ಇಲ್ಲ. ನೋಡಿದ್ದು ಗೇಟಿನಲ್ಲಿ ಹೊರಡುವುದನ್ನು, ಗೇಟಿನಲ್ಲಿ ಬಂದು ನಿಲ್ಲುವುದನ್ನು ಮಾತ್ರ.

“ನೀರು ನಿಂತಲ್ಲಿ ನಡುವ ಹೋಗಲಿಲ್ಲ, ಮುಂದಿನ ಗಾಡಿ ಹೆಂಗ ದಾಟ್ತತಿ ನೋಡಿ ಆಮ್ಯಾಲೆ ಹೊಂಟ್ಲು. ಒಬ್ಬಾಕಿ ಮುದುಕಿ ರಸ್ತೆ ದಾಟಾಕ ನಿಂತಿದ್ಲು, ಅಕಿಗೆ ನಿಲ್ಸಿದ್ಲು. ಎಡಕ್ಕ ತುರುಕಿಕೊಂಡು ಹೋಗೋರು ಹೋದ್ರು, ಇಕಿ ಹೋಗ್ಲಿಲ್ಲ. ಮಿಸ್ತ್ರಿಯವರ, ನಾ ಎಷ್ಟು ಮಂದಿ ಹಿಂದ ಗಾಡಿ ಹೊಡದೇನಿ. ಹಿಂಗ ಓಡಸೋರು ಭಾಳ ಕಡಿಮಿ.”

“ಮಗಳಿಗೆ ಹೇಳಿದ್ರಾ ಸಾರ್?” ಎಂದು ಕೇಳಿದೆ.

“ನಾ ಮನಿ ಮುಟ್ಟೂದ್ರಾಗ ಅಕಿ ಬಟ್ಟಿ ಬದಲಿಸಿ ಕುಂತಿದ್ಲು. ಊಟಕ್ಕ ಕುಂತಾಗ, ‘ಓಣಿಗೆ ಹೊಳ್ಳುವಾಗ ಇಂಡಿಕೇಟರ್ ಸ್ವಲ್ಪ ಲಗೂನ ಹಾಕವಾ’ ಅಂದೆ. ತುತ್ತು ಹಿಡಕೊಂಡು ಹಂಗ ನನ್ನ ನೋಡಿದ್ಲು. ‘ನಿನಗ ಹೆಂಗ ಗೊತ್ತು?’ ಅಂದ್ಲು. ಹಿಂದಿನ ಬಸ್ನ್ಯಾಗ ಇದ್ದೆ ಅಂದೆ.” ಅವರು ಕರವಸ್ತ್ರ ತೆಗೆದು, ಮೂಗಲ್ಲ, ಕಣ್ಣು ಒರೆಸಿಕೊಂಡರು. “ಅಕಿಗೆ ನಗುನೂ ಬಂತು, ಅಳುನೂ ಬಂತು. ‘ಅಷ್ಟು ದೂರ ಹಿಂದಿದ್ದು ಒಂದ್ ಹಾರ್ನರ ಹೊಡಸಬೇಕಿಲ್ಲೇನಪ್ಪಾ’ ಅಂದ್ಲು.”

“ನೀವೇನಂದ್ರಿ?”

“ಡ್ರೈವರ್ ಹೊಡೆಯಾಕ ಹೋಗಿದ್ದ, ನಾನ ಬ್ಯಾಡ ಅಂದೆ ಅಂತ ಹೇಳಿದೆ. ಮುಂದಿನ ಗಾಡಿ ಚೊಲೋ ಹೊಂಟಿದ್ರ ಹಾರ್ನ್ ಯಾಕ ಹೊಡೀಬೇಕ್ರೀ?”